ಚಿಂಚ್‌ವಡದಿಂದ ಮೈಸೂರಿಗೆ ಮನೆ ಸಾಮಾನು: ಲಾರಿ, ರೈಲು, ಅಂಚೆ ಮೂರರ ಅನುಭವ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಪುಣೆ ಪಕ್ಕದ ಚಿಂಚ್‌ವಡದಿಂದ ಮೈಸೂರಿನಷ್ಟು ದೂರಕ್ಕೆ ಒಂದು ಬೆಡ್‌ರೂಮಿನ ಮನೆ ಸಾಗಿಸಲು ಪ್ಯಾಕರ್ಸ್ ಅಂಡ್ ಮೂವರ್ಸ್‌ನವರೇ ಬೇಕು ಅಂತೇನಿಲ್ಲ. ಪಾರ್ಟ್ ಲೋಡ್ ಲಾರಿ, ರೈಲ್ವೆ ಪಾರ್ಸೆಲ್, ಅಂಚೆ ಈ ಮೂರಕ್ಕೂ ಸಾಮಾನು ಹಂಚಿದರೆ ಅರ್ಧಕ್ಕಿಂತ ಕಡಿಮೆ ದುಡ್ಡಲ್ಲಿ ಕೆಲಸ ಮುಗಿಯುತ್ತದೆ. ಓಡಾಟ ಮಾತ್ರ ಜಾಸ್ತಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಸೊಂಟ ನೋವಿದ್ದರೆ, ರಜೆ ಸಿಗುವುದಿಲ್ಲ ಅಂತಾದರೆ ಈ ಉಸಾಬರಿ ಬೇಡ. ದುಡ್ಡು ಕೊಟ್ಟು ಆರಾಮಾಗಿರಿ.

ನಾನು ಭೋಸರಿಯ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಂಡಿದ್ದವಳು. ನಿವೃತ್ತಿಯಾಯಿತು, ಮೈಸೂರಲ್ಲಿ ಅಮ್ಮ ಒಬ್ಬರೇ ಇದ್ದಾರೆ, ಹೊರಟೆ. ಕೊಟೇಷನ್ ಕೇಳೋದು ನನಗೆ ಹಳೇ ಚಟ. ಒಬ್ಬ ಪ್ಯಾಕರ್ಸ್‌ನವರು ಫೋನಲ್ಲಿ 26,000 ಅಂದರು. ಅವರ ಹುಡುಗ ಮನೆಗೆ ಬಂದು ಒಂದು ಸುತ್ತು ನೋಡಿ ಹೋದ ಮೇಲೆ ಅದೇ ರೇಟು 42,000 ಆಯಿತು. ಯಾಕೆ ಅಂದರೆ ‘ಮೇಡಂ, ಮೂರನೇ ಮಹಡಿ, ಇನ್ಶೂರೆನ್ಸ್, ಜಿಎಸ್‌ಟಿ’ ಅಂತ ಒಂದು ಪಟ್ಟಿ. ಮೂರನೇ ಮಹಡಿ ಅಂತ ನಾನು ಫೋನಲ್ಲೇ ಹೇಳಿದ್ದೆ. ಹೆಸರು ಬೇಡ ಬಿಡಿ. ಇವರಲ್ಲಿ ಬಹಳ ಜನರ ಪದ್ಧತಿಯೇ ಹೀಗೆ.

ಆಮೇಲೆ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿಗೆ ಹೋದೆ. ಬೆಂಗಳೂರು, ಹುಬ್ಬಳ್ಳಿ ಕಡೆ ಲಾರಿ ಕಳಿಸುವವರು ಅಲ್ಲಿ ಸಾಲಾಗಿ ಕೂತಿದ್ದಾರೆ. ಪೂರ್ತಿ ಗಾಡಿ ಬೇಡ, ಪಾರ್ಟ್ ಲೋಡ್ ಸಾಕು ಅಂತ ಕೇಳಬೇಕು. ನಮ್ಮ ಸಾಮಾನು ಬೇರೆಯವರ ಮಾಲಿನ ಜೊತೆ ಹೋಗುತ್ತದೆ. ದಾರಿಯಲ್ಲಿ ಒಂದು ಕಡೆ ಗಾಡಿ ಬದಲಾಗುತ್ತದೆ. ನನ್ನದು ಹುಬ್ಬಳ್ಳಿಯಲ್ಲಿ ಬದಲಾಯಿತು. ಹಾಗಾಗಿ ಎರಡು ಸಲ ಇಳಿಸಿ ಏರಿಸುತ್ತಾರೆ ಅಂತ ಲೆಕ್ಕ ಹಿಡಿದೇ ಪ್ಯಾಕ್ ಮಾಡಬೇಕು.

ಬಾಡಿಗೆ ಹಾಕುವ ರೀತಿ ತಿಳಿದುಕೊಂಡರೆ ಅರ್ಧ ಗೆದ್ದಹಾಗೆ. ತೂಕ ನೋಡುತ್ತಾರೆ, ಹಿಡಿಯುವ ಜಾಗವನ್ನೂ ನೋಡುತ್ತಾರೆ. ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಅಂದರೆ ಕಲ್ಲಿನ ಗ್ರೈಂಡರ್ ಕಳಿಸೋದು ಅಗ್ಗ, ಪ್ಲಾಸ್ಟಿಕ್ ಕುರ್ಚಿ ಕಳಿಸೋದು ದುಬಾರಿ. ಖಾಲಿ ಬೀರು ಕಳಿಸಿದರೆ ಒಳಗಿನ ಗಾಳಿಗೂ ಬಾಡಿಗೆ ಕೊಟ್ಟಹಾಗೆ! ನಾನು ಬೀರುವಿನಲ್ಲಿ ರಜಾಯಿ, ಕಂಬಳಿ, ಸೀರೆ ತುಂಬಿದೆ. ವಾಷಿಂಗ್ ಮಷೀನಿನ ಡ್ರಮ್ಮಿನಲ್ಲೂ ಬಟ್ಟೆ. ಸ್ಟೀಲ್ ಡಬ್ಬಿಗಳ ಒಳಗೆ ಸೌಟು, ಚಮಚ, ಲೋಟ. ಸೋಫಾ, ಹತ್ತಿ ಗಾದಿ, ಕುರ್ಚಿ ಎಲ್ಲಾ ಸೊಸೈಟಿಯಲ್ಲೇ ಮಾರಿದೆ. ಗಾದಿ ಸಾಗಿಸುವ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಮೈಸೂರಲ್ಲಿ ಹೊಸ ಗಾದಿಯೇ ಹೊಲಿಸಬಹುದು.

ಪ್ಯಾಕಿಂಗ್‌ಗೆ ಬೇಕಾದದ್ದೆಲ್ಲಾ ಪುಣೆಯ ರವಿವಾರ ಪೇಟೆಯಲ್ಲಿ ಬೋಹ್ರಿ ಆಳಿ ಅನ್ನುವ ಗಲ್ಲಿಯಲ್ಲಿ ಸಿಗುತ್ತದೆ. ಸುತಳಿ, ಟೇಪು, ಬಬಲ್ ಶೀಟು, ದಪ್ಪ ಪ್ಲಾಸ್ಟಿಕ್. ಕಾರ್ಟನ್ ಮಾತ್ರ ಕಿರಾಣಿ ಅಂಗಡಿಯವರಿಂದ ತಗೊಳ್ಳಿ, ಹತ್ತು ಇಪ್ಪತ್ತು ರೂಪಾಯಿಗೆ ಕೊಡುತ್ತಾರೆ. ಎಣ್ಣೆ ಪ್ಯಾಕೆಟ್ ಬರುವ ಕಾರ್ಟನ್ ಗಟ್ಟಿ. ಬಿಸ್ಕೆಟ್ಟಿನ ಕಾರ್ಟನ್ ಕೈಯಲ್ಲೇ ಕುಸಿಯುತ್ತದೆ. ನಾನು ಹೊರಟಿದ್ದು ಜುಲೈ, ಮಳೆ ಜೋರು. ಪ್ರತಿ ಕಾರ್ಟನ್‌ನ ಒಳಗೆ ಮೊದಲು ಪ್ಲಾಸ್ಟಿಕ್ ಹಾಸಿ ಆಮೇಲೆ ಸಾಮಾನು ಇಟ್ಟೆ. ‘ಆಷಾಢದಲ್ಲಿ ಮನೆ ಬಿಡ್ತೀರಾ?’ ಅಂತ ಪಕ್ಕದ ಮನೆಯ ಗದಗಿನ ಅಜ್ಜಿ ಬೇಜಾರು ಮಾಡಿಕೊಂಡರು. ಬಾಡಿಗೆ ಕರಾರು ಮುಗಿದರೆ ಆಷಾಢ ನೋಡೋಕಾಗುತ್ತಾ?

ಬಿಲ್ಟಿ, ಅಂದರೆ ಲಾರಿಯವರು ಸಾಮಾನಿಗೆ ಕೊಡುವ ರಸೀದಿ, ಬರೆಸುವಾಗ ಗಟ್ಟಿಯಾಗಿ ನಿಲ್ಲಬೇಕು. ಗುಮಾಸ್ತ ‘ಮನೆ ಸಾಮಾನು, ಒಂದು ಲಾಟ್’ ಅಂತ ಬರೆದು ಮುಗಿಸಲು ನೋಡಿದ. ಒಪ್ಪಲಿಲ್ಲ. ಪ್ರತಿ ಗಂಟಿಗೂ ನಂಬರ್ ಹಾಕಿಕೊಂಡೇ ಹೋಗಿದ್ದೆ. ಬಿಲ್ಟಿಯಲ್ಲಿ 23 ನಗ (ಅಂದರೆ ಎಣಿಕೆಯಲ್ಲಿ ಅಷ್ಟು ಗಂಟು) ಅಂತ ಬರೆಸಿದೆ. ಜೊತೆಗೆ ಬೀರು, ಫ್ರಿಜ್, ಮಷೀನು ಹೆಸರು ಹಿಡಿದು ಬರೆಸಿದೆ. ಸಾಮಾನಿನ ಪಟ್ಟಿ ಮಾಡಿ, ‘ಬಳಸಿದ ಸ್ವಂತ ಸಾಮಾನು, ಮಾರಾಟಕ್ಕಲ್ಲ’ ಅಂತ ಸಹಿ ಹಾಕಿ, ಆಧಾರ್ ಪ್ರತಿ ಲಗತ್ತಿಸಿ ಕೊಡಿ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿಯವರು ಕೇಳುವ ಆನ್‌ಲೈನ್ ಚೀಟಿ) ಬೇಕಿಲ್ಲ, ಬೆಲೆ 50,000 ದಾಟಿದರೂ. ಬೇಕೇ ಬೇಕು, ಅದಕ್ಕೆ ಇಷ್ಟು ಕೊಡಿ ಅಂತ ಯಾರಾದರೂ ಕೇಳಿದರೆ ಕೊಡಬೇಡಿ. ಬಿಲ್ಟಿಯ ಮೇಲೆ ‘ಓನರ್ಸ್ ರಿಸ್ಕ್’ ಅಂತ ಅಚ್ಚಾಗಿರುತ್ತದೆ, ಅದನ್ನೂ ಓದಿಕೊಳ್ಳಿ. ಒಡೆದರೆ ನಮ್ಮ ಹಣೆಬರಹ ಅಂತ ಅರ್ಥ.

ಬಾಡಿಗೆ ಬೇರೆ, ಹಮಾಲಿ ಬೇರೆ. ಮನೆಯಿಂದ ನಿಗಡಿಗೆ ಛೋಟಾ ಹಾಥಿ ಅನ್ನುವ ಪುಟ್ಟ ಟೆಂಪೋ ಬೇರೆ. ಗಾಡಿಗೆ ಏರಿಸಲು ವಾರಾಯಿ ಅಂತ ಮತ್ತೊಂದು. ಇದೆಲ್ಲಾ ಮೊದಲೇ ಮಾತಾಡಿಕೊಂಡರೆ ಜಗಳ ಇರುವುದಿಲ್ಲ. ಹಮಾಲರಲ್ಲಿ ಇಬ್ಬರು ಇಂಡಿ ಕಡೆಯವರು. ನಾನು ಮರಾಠಿಯಲ್ಲಿ ಚೌಕಾಸಿ ಮಾಡುತ್ತಿದ್ದರೆ ಅವರು ತಮ್ಮತಮ್ಮಲ್ಲೇ ಕನ್ನಡದಲ್ಲಿ ‘ಅಕ್ಕಾರು ಭಾಳ ಗಟ್ಟಿ ಅದಾರ’ ಅಂದುಕೊಂಡರು. ನಾನೂ ಕನ್ನಡದಲ್ಲೇ ಹೌದ್ರೀ ಅಂದೆ. ರೇಟು ಇಳಿಸಲಿಲ್ಲ, ಆದರೆ ಫ್ರಿಜ್ ಮಲಗಿಸದೆ ನಿಲ್ಲಿಸಿಯೇ ಕಟ್ಟಿದರು. ಅದೇ ನನಗೆ ಮುಖ್ಯವಾಗಿತ್ತು.

ಮೈಸೂರಲ್ಲಿ ಗೋಡೌನ್ ಡೆಲಿವರಿ ತಗೊಂಡೆ. ಡೋರ್ ಡೆಲಿವರಿಗೆ ಅವರು ಕೇಳಿದ್ದು ಅಲ್ಲಿನ ಟೆಂಪೋ ಬಾಡಿಗೆಗಿಂತ ಜಾಸ್ತಿ. 23 ನಗವೂ ಬಂದವು. ಬೀರುವಿನ ಒಂದು ಮೂಲೆ ನುಗ್ಗಾಗಿತ್ತು, ಒಂದು ಕಾರ್ಟನ್ ಒದ್ದೆಯಾಗಿತ್ತು. ಒಳಗೆ ಪ್ಲಾಸ್ಟಿಕ್ ಇದ್ದದ್ದರಿಂದ ಸಾಮಾನು ಒಣಗೇ ಇತ್ತು. ಹೇಳಿದ್ದಕ್ಕಿಂತ ತಡವಾಗಿ ಬಂತು, ನಡುವೆ ಫೋನ್ ಮಾಡಿದರೆ ಸರಿಯಾಗಿ ಉತ್ತರ ಕೊಡುವವರಿಲ್ಲ. ಅದು ನನಗೆ ಸಿಟ್ಟು ತರಿಸಿತು. ಎರಡೂ ಕಡೆಯ ಟೆಂಪೋ, ಹಮಾಲಿ ಎಲ್ಲಾ ಸೇರಿ 12,000ದ ಹತ್ತಿರ ಆಯಿತು. ಐದಕ್ಕೆ ಮೂರೂವರೆ ಕೊಡುತ್ತೇನೆ.

ಪುಸ್ತಕಗಳ ವಿಷಯ ಬೇರೆ. ಒದ್ದೆಯಾಗುವ ಲಾರಿಗೆ ಅವನ್ನು ಹಾಕಲು ಮನಸ್ಸಾಗಲಿಲ್ಲ. ಅಂಚೆಯಲ್ಲಿ 2025ರ ಮೇ 1ರಿಂದ ‘ಜ್ಞಾನ್ ಪೋಸ್ಟ್’ ಅಂತ ಶುರುವಾಗಿದೆ, ಪುಸ್ತಕಕ್ಕೆಂದೇ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಅದಕ್ಕಿಂತ ಭಾರದ ಕಟ್ಟು ತಗೊಳ್ಳುವುದಿಲ್ಲ. ಟ್ರ್ಯಾಕಿಂಗ್ ಇದೆ. ಲಾರಿಗೆ ಹೋಲಿಸಿದರೆ ಕಿಲೋಗೆ ದುಬಾರಿಯೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮನೆ ಬಾಗಿಲಿಗೆ ಬರುತ್ತದೆ, ಹಮಾಲಿ ಇಲ್ಲ. 5 ಕಿಲೋ ಮುಟ್ಟುವ ಹಾಗೆ ತೂಕ ಹೊಂದಿಸಿದರೆ ಲಾಭ. ಅಡುಗೆಮನೆಯ ತಕ್ಕಡಿ ಮೇಲೆ ದಪ್ಪ ಕಾದಂಬರಿಯ ಜೊತೆ ತೆಳು ಕವನ ಸಂಕಲನ ಸೇರಿಸಿ ಸರಿ ಮಾಡುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯಲಿಲ್ಲ.

ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು, ಜಾಹೀರಾತು ತುಂಬಿದ ಪತ್ರಿಕೆ ನಡೆಯುವುದಿಲ್ಲ. ಹಾಗಾಗಿ ಅಪ್ಪ ಕೂಡಿಟ್ಟಿದ್ದ ದೀಪಾವಳಿ ವಿಶೇಷಾಂಕಗಳು ಇದರಲ್ಲಿ ಹೋಗಲಿಲ್ಲ. ಅವನ್ನು ನನ್ನ ಜೊತೆ ರೈಲಿನಲ್ಲಿ ತಂದೆ. ಸ್ಲೀಪರ್ ಆಗಲಿ, ಥರ್ಡ್ ಎಸಿ ಆಗಲಿ, ಒಂದು ಟಿಕೆಟ್ಟಿಗೆ 40 ಕಿಲೋ ಪುಕ್ಕಟೆ. ಸೆಕೆಂಡ್ ಎಸಿಗೆ 50. ಜೊತೆಗೆ ಬಂದ ತಮ್ಮನ ಪಾಲನ್ನೂ ನಾನೇ ತುಂಬಿಸಿದೆ. ಜ್ಞಾನ್ ಪೋಸ್ಟಿಗೆ ಐದಕ್ಕೆ ಐದು.

ಸ್ಕೂಟರ್ ರೈಲ್ವೆ ಪಾರ್ಸೆಲ್‌ನಲ್ಲಿ ಬಂತು. ಅಜ್ಮೀರ್‌ನಿಂದ ಬರುವ ಮೈಸೂರು ಗಾಡಿ ಪುಣೆ, ಮಿರಜ್, ಬೆಳಗಾವಿ, ಹುಬ್ಬಳ್ಳಿ ಮೇಲೆ ಹೋಗುತ್ತದೆ. ಟಿಕೆಟ್ ಇದ್ದರೆ ಲಗೇಜ್ ಅಂತ ಅದೇ ಗಾಡಿಗೆ ಬುಕ್ ಮಾಡಬಹುದು, ಇಲ್ಲದಿದ್ದರೆ ಪಾರ್ಸೆಲ್. ಪುಣೆಯಲ್ಲಿ ಹೊರಡುವ ಗಾಡಿ ಅಲ್ಲವಲ್ಲ, ಬ್ರೇಕ್ ವ್ಯಾನಿನಲ್ಲಿ, ಅಂದರೆ ಲಗೇಜಿನ ಡಬ್ಬಿಯಲ್ಲಿ, ಜಾಗ ಸಿಕ್ಕಾಗ ಸ್ಕೂಟರ್ ಹತ್ತುತ್ತದೆ. ನಾನು ಪಾರ್ಸೆಲ್ ಮಾಡಿದೆ, ಅವಸರ ಇರಲಿಲ್ಲ. ಆರ್‌ಸಿ ಪ್ರತಿ, ಗುರುತಿನ ಚೀಟಿ ಪ್ರತಿ ಬೇಕು. ಪೆಟ್ರೋಲ್ ಟ್ಯಾಂಕ್ ಪೂರ್ತಿ ಖಾಲಿ ಇರಬೇಕು, ಇದರಲ್ಲಿ ವಿನಾಯಿತಿ ಇಲ್ಲ. ಕನ್ನಡಿ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ. ಗೋಣಿ ಸುತ್ತಿ ಕಟ್ಟುವವರು ನಿಲ್ದಾಣದ ಹೊರಗೇ ಇರುತ್ತಾರೆ, ಮೊದಲು ಹೇಳುವ ರೇಟಿಗೆ ತಲೆ ಆಡಿಸಬೇಡಿ. ಬೆಲೆ ಘೋಷಿಸದೆ ಬುಕ್ ಮಾಡಿದರೆ ಪರಿಹಾರ ತೂಕದ ಲೆಕ್ಕದಲ್ಲಿ, ಬಹಳ ಕಡಿಮೆ. ಸ್ವಲ್ಪ ಹೆಚ್ಚು ಕಟ್ಟಿ ಬೆಲೆ ಘೋಷಿಸುವುದು ಒಳ್ಳೆಯದು. ಗಾಡಿ ತಲುಪಿದ ಮೇಲೆ ಬಿಡಿಸಿಕೊಳ್ಳಲು ತಡ ಮಾಡಿದರೆ ಗಂಟೆ ಲೆಕ್ಕದಲ್ಲಿ ವಾರ್ಫೇಜ್, ಅಂದರೆ ಸಾಮಾನು ಅಲ್ಲೇ ಬಿಟ್ಟದ್ದಕ್ಕೆ ದಂಡ, ಬೀಳುತ್ತದೆ. ಪ್ಯಾಕಿಂಗ್ ಸೇರಿ ನನಗೆ 3,000ದ ಒಳಗೇ ಮುಗಿಯಿತು. ಒಂದು ಗೀರೂ ಇಲ್ಲ.

ಗ್ಯಾಸ್ ಸಿಲಿಂಡರ್ ಯಾವುದರಲ್ಲೂ ಹಾಕುವ ಹಾಗಿಲ್ಲ. ಏಜೆನ್ಸಿಗೆ ವಾಪಸ್ ಕೊಟ್ಟು, ಡೆಪಾಸಿಟ್ ಮತ್ತು ಟರ್ಮಿನೇಷನ್ ವೋಚರ್ (ಕನೆಕ್ಷನ್ ಮುಗಿಸಿದ ಚೀಟಿ) ತಗೊಂಡು, ಆ ಚೀಟಿಯನ್ನು ಹೊಸ ಊರಲ್ಲಿ ತೋರಿಸಿದರಾಯಿತು.

ಸ್ಕೂಟರ್ ಕಳಿಸುವವರು ಆರ್‌ಟಿಒದಿಂದ ಎನ್‌ಒಸಿ (ಗಾಡಿ ಬೇರೆ ರಾಜ್ಯಕ್ಕೆ ಒಯ್ಯಲು ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮೊದಲೇ ಮಾಡಿಸಿಕೊಳ್ಳಿ. ಅದಕ್ಕೆ ಫಾರ್ಮ್ 28. ಹಳೇ ಚಲನ್ ಬಾಕಿ ಇದ್ದರೆ ಕಟ್ಟಿಬಿಡಿ. ಎಂಎಚ್-14, ಅಂದರೆ ಪಿಂಪ್ರಿ-ಚಿಂಚ್‌ವಡದ ನಂಬರಿನ ಗಾಡಿಯನ್ನು ಮೈಸೂರಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಕರ್ನಾಟಕದ ನಂಬರ್ ಮಾಡಿಸಲೇಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಗಾಡಿ ಬಹಳ ಹಳೆಯದಾಗಿದ್ದರೆ ಆ ತೆರಿಗೆಯನ್ನು ರೈಲಿನ ಖರ್ಚಿಗೆ ಕೂಡಿಸಿ ನೋಡಿ. ಪುಣೆಯಲ್ಲೇ ಮಾರುವುದು ಲಾಭ ಅನ್ನಿಸಬಹುದು.