ಬೆಂಡೆಕಾಯಿ ಅಚ್ಚು, ಮೈದಾ ಹಿಟ್ಟು, ಜೇಡಿಮಣ್ಣು: ನಮ್ಮ ಯುಕೆಜಿಯಲ್ಲಿ ಗೆದ್ದದ್ದು ಯಾವುದು?

ನನ್ನ ಕ್ಲಾಸಿನಲ್ಲಿ 22 ಮಕ್ಕಳು. ಶುಕ್ರವಾರ ಊಟಕ್ಕೆ ಮುಂಚೆ 40 ನಿಮಿಷ ಕ್ರಾಫ್ಟ್. ಈ ಮಳೆಗಾಲದಲ್ಲಿ ವಾರಕ್ಕೊಂದರಂತೆ ಮಾಡಿಸಿ ನೋಡಿದೆ. ಅಂಗಡಿಯಲ್ಲಿ ಸಿಗುವ ರೆಡಿ ಕಿಟ್ ಲೆಕ್ಕಕ್ಕಿಲ್ಲ. ಅದರಲ್ಲಿ ಕತ್ತರಿಸುವವರೂ ಅಂಟಿಸುವವರೂ ಮಿಸ್ಸೇ, ಮಕ್ಕಳು ಹೆಸರು ಬರೆಯುವುದಷ್ಟೇ.

ಬೆಂಡೆಕಾಯಿ ಅಚ್ಚಿಗೆ ಬಲಿತ ಕಾಯಿಯೇ ಬೇಕು. ಸಂತೆ ಮುಗಿಯುವ ಹೊತ್ತಿಗೆ ಬುಟ್ಟಿಯ ತಳದಲ್ಲಿ ಉಳಿದಿರುತ್ತಲ್ಲ, ಅದು. ಎಳೆಯದು ಒತ್ತಿದ ಕೂಡಲೇ ಹಿಸುಕಿಹೋಗುತ್ತದೆ, ಲೋಳೆ ಬಣ್ಣಕ್ಕೆ ಸೇರಿ ನೂಲು ನೂಲಾಗಿ ಎಳೆಯುತ್ತದೆ. ಹಿಂದಿನ ರಾತ್ರಿಯೇ ಕತ್ತರಿಸಿ ಪೇಪರ್ ಮೇಲೆ ಬೋರಲು ಹಾಕಿಟ್ಟರೆ ಲೋಳೆ ಕಡಿಮೆ. ಬಣ್ಣವನ್ನು ಬಟ್ಟಲಿಗೆ ಹಾಕಬೇಡಿ, ಒದ್ದೆ ಸ್ಪಂಜಿನ ಮೇಲೆ ಹಾಕಿ. ಐದೆಸಳಿನ ಹೂವು ಎಷ್ಟು ಚೆಂದ ಮೂಡುತ್ತದೆ ಅಂತೀರಿ! ಆದರೆ ಹತ್ತೇ ನಿಮಿಷಕ್ಕೆ ‘ಮಿಸ್, ಆಯ್ತು’. ಯಾರ ಹಾಳೆ ಯಾರದೆಂದು ಹೆಸರು ನೋಡಿಯೇ ಹೇಳಬೇಕು.

ಮೈದಾ ಹಿಟ್ಟಿನ ಮೇಲೆ ನನಗೆ ಬಹಳ ಆಸೆ ಇತ್ತು. 2 ಲೋಟ ಮೈದಾ, 1 ಲೋಟ ಉಪ್ಪು, ಹೆಚ್ಚುಕಡಿಮೆ ಮುಕ್ಕಾಲು ಲೋಟ ನೀರು, ಚೂರು ಎಣ್ಣೆ, ಅರಿಶಿನ. ನಾದಿದರೆ ಬೆಣ್ಣೆಯಂತೆ ಬಂತು. ಬೆರಳಲ್ಲಿ ಗಾಯವಿದ್ದ ಹುಡುಗಿ ಮಾತ್ರ ಮುಟ್ಟಿದ್ದೇ ‘ಉರಿ ಉರಿ’ ಅಂತ ಅತ್ತಳು. ಅಷ್ಟು ಉಪ್ಪು ಸುರಿದವಳಿಗೆ ಅದು ಹೊಳೆಯಲೇ ಇಲ್ಲ ನೋಡಿ. ಇನ್ನೊಬ್ಬ ನೆಕ್ಕಿ ನೋಡಿದ, ಒಂದೇ ಸಲ. ಬಿಸಿಲಿದ್ದರೆ ಎರಡು ಮೂರು ದಿನಕ್ಕೆ ಒಣಗುತ್ತದೆ. ನಮ್ಮ ಮಲೆನಾಡಿನ ಆಷಾಢದಲ್ಲಿ ಎಲ್ಲಿ ಒಣಗಬೇಕು? ಉಪ್ಪು ಗಾಳಿಯ ತೇವವನ್ನೆಲ್ಲ ಎಳೆದುಕೊಂಡಿತು. ಸೋಮವಾರ ಬಂದು ನೋಡಿದರೆ ಆನೆಗಳ ಸೊಂಡಿಲೆಲ್ಲ ಕೆಳಗೆ. ಬಚ್ಚಲ ಒಲೆಯ ಪಕ್ಕ ಇಟ್ಟು ಆರಿಸಿ ಕೊಟ್ಟೆ.

ಜೇಡಿಮಣ್ಣಿಗೆ ಈ ತಾಪತ್ರಯ ಇಲ್ಲ, ಯಾಕೆಂದರೆ ಒಣಗಿಸುವುದೇ ಇಲ್ಲ. ಆಟ ಮುಗಿದ ಮೇಲೆ ಎಲ್ಲವೂ ಮತ್ತೆ ಬಕೆಟ್ಟಿಗೆ, ಮೇಲೆ ಒದ್ದೆ ಗೋಣಿ. ಗಣಪತಿ ಮಾಡುವವರ ಹತ್ತಿರ ಐದು ಕಿಲೋ ತಂದೆ. ಕಲ್ಲು, ಗಾಜಿನ ಚೂರು ಇದೆಯಾ ಅಂತ ಮೊದಲು ಪೂರ್ತಿ ಕಿವುಚಿ ನೋಡಿದೆ. ಆ ದಿನ 40 ನಿಮಿಷ ಸಾಲಲಿಲ್ಲ. ಎಲ್ಲರೂ ಶುರು ಮಾಡಿದ್ದು ಹಾವಿನಿಂದ. ಹಾವು ಸುತ್ತಿದರೆ ಚಕ್ಕುಲಿ, ಚಕ್ಕುಲಿ ಒತ್ತಿದರೆ ತಟ್ಟೆ. ವರ್ಷವಿಡೀ ಬಾಯಿ ಬಿಡದ ಹುಡುಗನೊಬ್ಬ ಚಕ್ಕುಲಿ ಅಂಗಡಿ ಇಟ್ಟ. ‘ತಗೊಳ್ಳಿ ಮಿಸ್, ಬಿಸಿ ಇದೆ, ಊದಿ ತಿನ್ನಿ’ ಅಂದ. ಊದಿದೆ.

ಬೈಗುಳ ಜಾಸ್ತಿ ಬಂದದ್ದೂ ಇದಕ್ಕೇ. ಯೂನಿಫಾರ್ಮ್ ಕೆಸರು, ಮನೆಗೆ ತೋರಿಸಲು ಏನೂ ಇಲ್ಲ, ಫೀಸ್ ಕಟ್ಟಿ ಮಣ್ಣಾಡಿಸುತ್ತೀರಾ ಅಂತ.

ನಡುವೆ ಒಂದು ವಾರ ಅರಿಶಿನದ ನೀರಲ್ಲಿ ಚಿತ್ರ ಬರೆಸಿ, ಅದರ ಮೇಲೆ ಬಟ್ಟೆ ಸೋಪಿನ ನೀರು ಹಚ್ಚಿಸಿದೆ. ಹಳದಿ ಕೆಂಪಾಯಿತು. ಆರತಿ ನೀರಿನ ಗುಟ್ಟೇ ಇದು, ಸುಣ್ಣ ಪುಟ್ಟ ಕೈಗಳನ್ನು ಸುಡುತ್ತದೆ ಅಂತ ಸೋಪು. ಖುಷಿಯೋ ಖುಷಿ, ಆದರೆ ಎರಡನೇ ಸಲ ಆ ‘ಹೋ’ ಬರುವುದಿಲ್ಲ.

ವಾರ್ಷಿಕೋತ್ಸವದ ಗೋಡೆಗೆ ಬೆಂಡೆಕಾಯಿ ಹೂವನ್ನೇ ಅಂಟಿಸುತ್ತೇನೆ. ಮೈದಾ ಬೇಸಿಗೆಗೆ. ಉಳಿದ ಶುಕ್ರವಾರಗಳಿಗೆಲ್ಲ ಮಣ್ಣು. ಅಪ್ಪನ ಹಳೇ ಶರ್ಟ್ ಒಂದು ಬ್ಯಾಗಿನಲ್ಲಿರಲಿ ಅಂತ ಡೈರಿಯಲ್ಲಿ ಬರೆದು ಕಳಿಸಿದ್ದೇನೆ. ಇಲ್ಲಿತನಕ 14 ಶರ್ಟ್ ಬಂದಿವೆ.