ಬೆನಿಟೊಯ್ಟ್, ನೀಲ, ಟಾಂಜನೈಟ್: ಮೂರು ನೀಲಿ ಹರಳು ಪಕ್ಕಪಕ್ಕ ಇಟ್ಟು ನೋಡಿದೆ

ನನ್ನ ಹತ್ತಿರ ಮೂರು ನೀಲಿ ಹರಳಿವೆ. ಅಮ್ಮ ಊರಿಂದ ಕೊಟ್ಟು ಕಳಿಸಿದ ನೀಲ, ಹಳೆಯ ಉಂಗುರದ ಟಾಂಜನೈಟ್, ಮತ್ತೆ ಅರ್ಧ ಕ್ಯಾರೆಟ್ಟಿಗೂ ಕಡಿಮೆ ಇರುವ ಒಂದು ಬೆನಿಟೊಯ್ಟ್. ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ. ಹಾಗಾಗಿ ಬೆನಿಟೊಯ್ಟ್ ಒಂಥರಾ ಪಕ್ಕದೂರಿನ ಕಲ್ಲು. ಇಲ್ಲಿಂದ ದಕ್ಷಿಣಕ್ಕೆ ಸ್ಯಾನ್ ಬೆನಿಟೊ ಕೌಂಟಿಯ ಬೆಟ್ಟದಲ್ಲಿ 1907ರಲ್ಲಿ ಸಿಕ್ಕಿತು, ಒಡವೆಗೆ ಆಗುವಂಥದ್ದು ಹೆಚ್ಚುಕಡಿಮೆ ಅಲ್ಲಿ ಮಾತ್ರ. ಮೊದಲು ಅದನ್ನು ನೀಲ ಅಂದುಕೊಂಡಿದ್ದರು. ಬರ್ಕ್ಲಿ ವಿಶ್ವವಿದ್ಯಾಲಯದ ಭೂವಿಜ್ಞಾನಿ ಜಾರ್ಜ್ ಲೌಡರ್‌ಬ್ಯಾಕ್ ಪರೀಕ್ಷಿಸಿ, ಇದು ಬೇರಿಯಂ, ಟೈಟಾನಿಯಂ ಇರುವ ಹೊಸ ಸಿಲಿಕೇಟ್ ಖನಿಜ ಅಂತ ತೋರಿಸಿದರು.

ಮೊದಲು ನೀಲ ಅಂದುಕೊಂಡವರು ಮೋಸ ಹೋದದ್ದರಲ್ಲಿ ತಪ್ಪೇನಿಲ್ಲ. ನೆರಳಲ್ಲಿ ಇಟ್ಟರೆ ನನಗೂ ಎರಡೂ ಒಂದೇ ಥರ. ಆದರೆ ಬಿಸಿಲಿಗೆ ಹಿಡಿದು ಸ್ವಲ್ಪ ಅಲುಗಾಡಿಸಿದೆ ನೋಡಿ, ನೀಲ ನೀಲಿಯಾಗಿಯೇ ಉಳಿಯಿತು, ಬೆನಿಟೊಯ್ಟ್ ಒಳಗಿಂದ ಕೆಂಪು, ಹಸಿರು, ಕಿತ್ತಳೆ ಕಿಡಿ ಹಾರಿದವು! ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಗುಣದ ಅಳತೆ ವಜ್ರಕ್ಕೆ 0.044, ಇದಕ್ಕೂ ಅಷ್ಟೇ, ನೀಲಕ್ಕೆ ಬರೀ 0.018. ನನ್ನದು ತಿಳಿನೀಲಿ, ಅದಕ್ಕೇ ಕಿಡಿ ಇಷ್ಟು ಚೆನ್ನಾಗಿ ಕಾಣುತ್ತದೆ. ಕಡುಬಣ್ಣದ ಕಲ್ಲಿನಲ್ಲಿ ಅದು ಮುಚ್ಚಿಹೋಗುತ್ತದೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ (ಒಡವೆಯವರ ಪುಟ್ಟ ಭೂತಗನ್ನಡಿ) ನೋಡಿದರೆ ಇನ್ನೊಂದು ಮಜಾ. ಬೆನಿಟೊಯ್ಟ್‌ನ ಹಿಂಬದಿಯ ಅಂಚುಗಳೆಲ್ಲ ಜೋಡಿ ಜೋಡಿಯಾಗಿ ಕಾಣುತ್ತವೆ, ಬೆಳಕು ಅದರೊಳಗೆ ಎರಡಾಗಿ ಸೀಳುವುದೇ ಕಾರಣ. ನೀಲದಲ್ಲಿ ಹಾಗೆ ಕಾಣಲೇ ಇಲ್ಲ. ಪೋಲರಾಯ್ಡ್ ತಂಪುಕನ್ನಡಕದ ಗಾಜನ್ನು ಮುಂದಿಟ್ಟು ತಿರುಗಿಸಿದಾಗ ಬೆನಿಟೊಯ್ಟ್ ನೀಲಿಯಿಂದ ಹೆಚ್ಚುಕಡಿಮೆ ಬಣ್ಣವೇ ಇಲ್ಲದ ಹಾಗಾಯಿತು. ಟಾಂಜನೈಟ್ ನೀಲಿಯಿಂದ ನೇರಳೆಗೆ ಹೋಯಿತು. ಈ ವಿಷಯದಲ್ಲಿ ಟಾಂಜನೈಟೇ ನನಗೆ ಜಾಸ್ತಿ ಇಷ್ಟ, ಸಂಜೆ ಹಳದಿ ಬಲ್ಬಿನ ಕೆಳಗೆ ಅದು ತಾನಾಗಿಯೇ ನೇರಳೆಗೆ ತಿರುಗುತ್ತದೆ.

ಕೊನೆಗೆ ಶಾರ್ಟ್‌ವೇವ್ ಅತಿನೇರಳೆ ದೀಪ. ಕಣ್ಣಿಗೆ ರಕ್ಷಣೆ ಇಲ್ಲದೆ ಇದನ್ನು ಹಚ್ಚಲೇಬೇಡಿ. ನೀಲವೂ ಟಾಂಜನೈಟೂ ಸುಮ್ನೆ ಕಪ್ಪಗೆ ಕೂತಿದ್ದವು, ಬೆನಿಟೊಯ್ಟ್ ಮಾತ್ರ ಸುಣ್ಣ ಬೆರೆತಂಥ ನೀಲಿಯಲ್ಲಿ ಉರಿಯಿತು. ಗುರುತಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಆದರೆ ದಿನಾ ಕೈಗೆ ಹಾಕಲು? ನೀಲ ಒಂದೇ. ಕಲ್ಲಿನ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ (ವಜ್ರಕ್ಕೆ 10) ಅದರದ್ದು 9. ಬೆನಿಟೊಯ್ಟ್ 6ರಿಂದ 6.5, ಟಾಂಜನೈಟ್ ಅದಕ್ಕಿಂತ ಚೂರು ಮೇಲೆ. ಮನೆಯ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣವೇ 7 ಇರುತ್ತದೆ, ಸುಮ್ಮನೆ ಬಟ್ಟೆಯಲ್ಲಿ ಒರೆಸಿದರೂ ಗೀರು ಬೀಳಬಹುದು, ಅಲ್ವಾ? ನನ್ನ ಟಾಂಜನೈಟ್ ಉಂಗುರ ಪಾತ್ರೆ ತೊಳೆಯುವಾಗ ಸಿಂಕಿಗೆ ಬಡಿದು ಒಂದು ಮೂಲೆ ಹಾರಿಹೋಯಿತು. ತುಂಬಾ ಬೇಜಾರಾಯಿತು. ಬೆನಿಟೊಯ್ಟ್‌ಗೆ ಹಾಗಾಗಬಾರದು ಅಂತ ಪೆಂಡೆಂಟಿಗೆ ಕಟ್ಟಿಸುತ್ತಿದ್ದೇನೆ, ಸುತ್ತಲೂ ಚಿನ್ನದ ಅಂಚು ಬರುವ ಹಾಗೆ.