ಬಾಸ್ ಎನ್‌ಎಸ್-2: ಗುಂಯ್‌ಗುಡುವಿಕೆಗೆ ಮದ್ದು, ಬೆರಳಿಗಲ್ಲ

ಚಿಕ್ಕಮಗಳೂರಿನ ಆರ್ಕೆಸ್ಟ್ರಾ ಒಂದರಲ್ಲಿ ನಾನು ರಿದಮ್ ಗಿಟಾರ್ ನುಡಿಸುತ್ತೇನೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಬಿಡುವಿಲ್ಲ. ನನ್ನ ಪಾಲಿಗೆ ಬರುವುದು ಹೆಚ್ಚಾಗಿ ತಂತಿಯ ಸದ್ದು ಅಡಗಿಸಿ ಹೊಡೆಯುವ ‘ಚಕ್ ಚಕ್’ ಮ್ಯೂಟ್ ಪೆಟ್ಟುಗಳು. ನಡುವೆ ಬೇಡದ ತಂತಿ ಕಿಣಿಗುಟ್ಟಿದರೆ ಡ್ರಮ್ ಬಾರಿಸುವವನು ತಿರುಗಿ ನೋಡುತ್ತಾನೆ. ‘ಇದನ್ನು ಹಾಕಿ ಸಾರ್, ಒಂದು ಸದ್ದೂ ಬರುವುದಿಲ್ಲ’ ಎಂದು ಅಂಗಡಿಯವರು ಕೊಟ್ಟ ಪೆಡಲ್ ಬಾಸ್ ಕಂಪನಿಯ ಎನ್‌ಎಸ್-2. ಗಿಟಾರಿಗೂ ಆಂಪಿಗೂ (ಸದ್ದು ದೊಡ್ಡದಾಗಿಸುವ ಪೆಟ್ಟಿಗೆ) ನಡುವೆ ಜೋಡಿಸಿ ಬೇಡದ ಗದ್ದಲ ಅಡಗಿಸುವ ಸಾಧನ ಇದು. ಮಾತು ಅರ್ಧ ನಿಜ.

1987ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ ಇದು. ನನ್ನ ಗಿಟಾರಿನದು ಸಿಂಗಲ್ ಕಾಯಿಲ್ ಪಿಕಪ್; ತಂತಿಯ ನಡುಕವನ್ನು ಹಿಡಿಯುವ ಈ ಒಂಟಿ ಸುರುಳಿ ಸುತ್ತಲ ಕರೆಂಟಿನ ಸದ್ದನ್ನೂ ಹಿಡಿಯುತ್ತದೆ. ಬಸವನಹಳ್ಳಿಯ ನಮ್ಮ ಹಳೆಯ ಮನೆಯ ವೈರಿಂಗಿಗೆ ಸಿಕ್ಕರೆ ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಪೆಡಲ್) ಹಾಕಿದೊಡನೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಶುರು. ಎಷ್ಟು ಸಣ್ಣ ಸದ್ದನ್ನು ಅಡಗಿಸಬೇಕೆಂದು ಹೇಳುವ ಥ್ರೆಶೋಲ್ಡ್ ಗುಂಡಿಯನ್ನು ನಿಧಾನವಾಗಿ ಏರಿಸಿ, ಗುಂಯ್ ನಿಂತ ಜಾಗದಲ್ಲೇ ಬಿಡಬೇಕು. ಇನ್ನೂ ತಿರುಗಿಸಿದಿರೋ, ಎಳೆದ ಸ್ವರದ ಬಾಲ ಕತ್ತರಿಸಿಹೋಗುತ್ತದೆ. ಗಿಟಾರಿನ ಕೇಬಲನ್ನು ಎನ್‌ಎಸ್-2ರ ಇನ್‌ಪುಟ್‌ಗೆ ಕೊಟ್ಟು, ಸೆಂಡ್‌ನಿಂದ ಡಿಸ್ಟಾರ್ಷನ್ ಪೆಡಲಿಗೆ, ಅಲ್ಲಿಂದ ರಿಟರ್ನ್‌ಗೆ, ಔಟ್‌ಪುಟ್‌ನಿಂದ ಆಂಪಿಗೆ ಜೋಡಿಸಿ. ಆಗ ಪೆಡಲ್ ಗಿಟಾರಿನ ಶುದ್ಧ ಸದ್ದನ್ನು ಕೇಳಿ ತೀರ್ಮಾನಿಸಿ, ಡಿಸ್ಟಾರ್ಷನ್‌ನ ಗದ್ದಲವನ್ನು ಕತ್ತರಿಸುತ್ತದೆ. ಈ ಜೋಡಣೆಗಾಗಿಯೇ ಇದಕ್ಕೆ ದುಡ್ಡು ಕೊಡಬಹುದು.

ಇನ್ನರ್ಧಕ್ಕೆ ಬರುತ್ತೇನೆ. ಪೆಡಲಿನ ಗೇಟ್, ಅಂದರೆ ಸದ್ದನ್ನು ಹೊರಬಿಡುವ ಬಾಗಿಲು, ಮುಚ್ಚುವುದು ನೀವು ಸುಮ್ಮನಿರುವಾಗ. ‘ಚಕ್’ ಎಂದು ಹೊಡೆದ ಕ್ಷಣ ಅದು ತೆರೆಯುತ್ತದೆ. ಜತೆಗೆ ನಡುಗಿದ ಪಕ್ಕದ ತಂತಿಯೂ ಅದೇ ಬಾಗಿಲಿನಿಂದ ಹೊರಬರುತ್ತದೆ. ಡಿಸ್ಟಾರ್ಷನ್ ಸಣ್ಣ ಸದ್ದನ್ನೂ ಉಬ್ಬಿಸುವುದರಿಂದ ಅದು ಎದ್ದು ಕೇಳುತ್ತದೆ. ಇದಕ್ಕೆ ಪೆಡಲಿನಲ್ಲಿ ಗುಂಡಿಯಿಲ್ಲ, ಕೈಯೇ ಗತಿ.

ಎಡಗೈಯ ಒಂದೇ ಬೆರಳನ್ನು ಐದು, ಏಳು ಅಥವಾ ಹನ್ನೆರಡನೆಯ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಮೇಲೆ ಹಗುರವಾಗಿ ಇಟ್ಟರೆ ತಂತಿ ಅಡಗುವುದಿಲ್ಲ, ಹಾರ್ಮೋನಿಕ್ ಆಗಿ, ಅಂದರೆ ಗಂಟೆಯಂಥ ಏರು ಸ್ವರದಲ್ಲಿ, ‘ಟಿಂಗ್’ ಎನ್ನುತ್ತದೆ. ಎರಡು ಮೂರು ಬೆರಳು ಚಪ್ಪಟೆಯಾಗಿ ಮಲಗಿಸಿದರೆ ಅದು ಸತ್ತುಹೋಗುತ್ತದೆ. ಒಂದೇ ತಂತಿ ನುಡಿಸಬೇಕಾದಾಗ ತೋರುಬೆರಳಿನ ತುದಿ ಪಕ್ಕದ ದಪ್ಪ ತಂತಿಗೆ ತಾಗಿರಲಿ, ಬೆರಳಿನ ಒಳಮೈ ತೆಳು ತಂತಿಗಳ ಮೇಲೆ ಒರಗಿರಲಿ. ಎಲ್ಲಕ್ಕಿಂತ ದಪ್ಪದ ಆರನೆಯ ತಂತಿಯನ್ನು ಅಡಗಿಸಲು ಹೆಬ್ಬೆರಳಿದೆ. ಬಲ ಅಂಗೈಯ ಅಂಚು ಬ್ರಿಡ್ಜಿನಿಂದ (ಗಿಟಾರಿನ ಮೈ ಮೇಲೆ ತಂತಿಗಳಿಗಿರುವ ಆಧಾರ) ತಂತಿ ಹೊರಡುವ ಜಾಗದಲ್ಲೇ ಕೂರಬೇಕು. ಸ್ವಲ್ಪ ಹಿಂದೆ ಸರಿದರೆ ತಂತಿ ಮೊಳಗುತ್ತದೆ, ಮುಂದೆ ಸರಿದರೆ ಸ್ವರವೇ ತಿಳಿಯದ ಬರೀ ಟಪ್ ಟಪ್. ಗೇನ್ (ಡಿಸ್ಟಾರ್ಷನ್‌ನ ಪ್ರಮಾಣ) ಇಳಿಸುವುದನ್ನಂತೂ ಯಾರೂ ಒಪ್ಪುವುದಿಲ್ಲ, ನಮ್ಮ ಲೀಡ್ ಗಿಟಾರಿನವನ ಮುಂದೆ ಆ ಮಾತೆತ್ತುವುದನ್ನೇ ಬಿಟ್ಟಿದ್ದೇನೆ.

ಪೆಟ್ಟು ನಿಂತ ಮೇಲೂ ಸಣ್ಣಗೆ ಝಣಝಣ ಕೇಳಿದರೆ ಗಿಟಾರಿನ ಹಿಂಬದಿಯ ಮುಚ್ಚಳ ತೆಗೆದು ಟ್ರೆಮೊಲೊ (ಸ್ವರ ತೂಗಿಸುವ ಹಿಡಿಕೆ) ಸ್ಪ್ರಿಂಗುಗಳ ನಡುವೆ ಸ್ಪಂಜಿನ ತುಂಡು ತುರುಕಿ. ಐ.ಜಿ. ರಸ್ತೆಯಲ್ಲಿ ಸಿಗುವ ಕೂದಲ ರಬ್ಬರ್ ಬ್ಯಾಂಡನ್ನು ಮೊದಲ ಫ್ರೆಟ್ಟಿನ ಬಳಿ ಸುತ್ತಿದರೂ ಸದ್ದು ತಗ್ಗುತ್ತದೆ, ಆದರೆ ಬೆರಳೊತ್ತದೆ ಬಿಡಿ ತಂತಿ ನುಡಿಸುವ ಹಾಡಿಗೆ ಆಗದು.

ಹೆಚ್ಚು ಗೇನ್ ಇಟ್ಟು ವೇದಿಕೆಯಲ್ಲಿ ನುಡಿಸುವವರು ಎನ್‌ಎಸ್-2 ಕೊಳ್ಳಿ. ಮ್ಯೂಟ್ ಪೆಟ್ಟು ಚೊಕ್ಕವಾಗಲಿ ಎಂಬುದಷ್ಟೇ ಆಸೆಯಾದರೆ ದುಡ್ಡು ಉಳಿಸಿಕೊಳ್ಳಿ. ಹಳೆಯದನ್ನು ಕೊಳ್ಳುವವರು ಸೆಂಡ್, ರಿಟರ್ನ್ ಎರಡಕ್ಕೂ ಕೇಬಲ್ ಚುಚ್ಚಿ, ಅಲುಗಾಡಿಸಿ ನೋಡಿಯೇ ಹಣ ಕೊಡಿ.